ಚಿಕ್ಕಬೈರಪ್ಪನವರ ಗಡ್ಡ

ಮಾವ ಬಸಲಿಂಗಪ್ಪ ತೀರಿಕೊಂಡ ತಿಂಗಳಿಗೆ ಮಳಿಗೆಯ ಓನರ್ ಚಿಕ್ಕಬೈರಪ್ಪ ಮಾವ ಹಾಸಿಗೆ ಹಿಡಿದಾಗಿನಿಂದ ಬೆಳೆದ ಎರಡು ತಿಂಗಳ ಗಡ್ಡ ಬಿಟ್ಟುಕೊಂಡು ಬಂದು ನಿಂತರು. ಬಾಗಲಕೋಟೆಯಿಂದ ಬಂದ ನಾವು ಬೆಂಗಳೂರಂಚಿನ ಮಾಕಳಿಯಲ್ಲಿ ಕಟಿಂಗ್ ಶಾಪ್ ಇಟ್ಟು ಇಪ್ಪತ್ತು ವರ್ಷ. ಊರೆಲ್ಲ ಒಮ್ಮೆ ಬಳಸಿ ಬಿಸಾಡುವ ಅರ್ಧ ಬ್ಲೇಡಿಗೆ ಬಂದರೂ ಈ ಮನುಷ್ಯನಿಗೆ ಮಾತ್ರ ಮಾವನ ಹಳೇ ಮಡಚು ಕತ್ತಿಯೇ ಆಗಬೇಕು. ಇನ್ನು ಅಂಗಡಿಯನ್ನು ಸೊಸೆ ನಾನೇ ನಡೆಸುತ್ತೇನೆ ಎಂದೆ.

“ಎಂಗುಸ್ರ ಕೈಗೆ ಕುತ್ಗೆ ಕೊಡಾದಾ, ಮಾದೇವಿ? ಬುಧವಾರ ಬತ್ತೀನಿ. ಅದೇ ಕತ್ತೀಲಿ ಕೆರಿ. ಒಂದು ಗೀರು ಬಿದ್ರೂ ಅಂಗ್ಡಿ ಖಾಲಿ ಮಾಡಿ ಬೀಗ ನನ್ ಕೈಗೆ ಕೊಟ್ಬುಡು.”

ಒಪ್ಪಿದೆ. ಮಾವನಿಗೆ ಮಣಿಕಟ್ಟು ನೋವು ಬಂದ ಮೇಲೆ ಗಡ್ಡ ಅವರು ಕೆರೆದರೂ, ಪರದೆ ಹಿಂದೆ ಕೂತು ಕತ್ತಿ ಮಸೆಯುತ್ತಿದ್ದವಳು ನಾನು. ಅವರು ಹಾಸಿಗೆ ಹಿಡಿದಾಗ ಅವರ ಗಡ್ಡವನ್ನೂ ನಾನೇ ಕೆರೆದೆ. ನನಗೇನು ಭಯ?

ಭಯ ತಂದವರು ನನ್ನ ಗಂಡ ಯಮನೂರ. ಪೀಣ್ಯದಲ್ಲಿ ಗ್ರೈಂಡಿಂಗ್ ಮಷಿನ್ ಓಡಿಸುತ್ತಾರೆ. ಹೆಂಡತಿಗೆ ಉಪಕಾರ ಮಾಡೋಣವೆಂದು ಸೋಮವಾರ ಹೇಳದೆ ಕೇಳದೆ ಕತ್ತಿ ಒಯ್ದು, ಮಷಿನ್ ಚಕ್ರಕ್ಕೆ ಹಿಡಿದು ಫಳಫಳ ಹೊಳೆಸಿ ತಂದರು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದರು. ಅಂಚಿನುದ್ದಕ್ಕೂ ನೀಲಿ ಗೆರೆ. ದಪ್ಪ ಟೂಲು ತಡೆಯುವ ಬಿಸಿಯನ್ನು ಕೂದಲೆಳೆಯಂಥ ಅಂಚು ತಡೆದೀತೇ? ನೀಲಿಗಟ್ಟಿದ ಉಕ್ಕು ಮೆತ್ತಗಾಗಿಬಿಡುತ್ತದೆ, ಹರಿತ ನಿಲ್ಲುವುದಿಲ್ಲ. ಕೂಗಾಡಿದೆ, ಆಮೇಲೆ ಕಣ್ಣೀರಿಟ್ಟೆ.

ದಾರಿ ಒಂದೇ. ನೀಲಿ ಹೋಗುವವರೆಗೂ ಉಕ್ಕು ಸವೆಸಬೇಕು. ಮಂಗಳವಾರ ಅಂಗಡಿಗೆ ರಜೆ. ಬೆಳಿಗ್ಗೆ ಸಾಣೆಕಲ್ಲಿಗೆ ನೀರು ಹಾಕಿ ಕೂತವಳು ಊಟಕ್ಕೂ ಏಳಲಿಲ್ಲ. ಯಮನೂರ ರಜೆ ಹಾಕಿ, ರೊಟ್ಟಿ ಮುರಿದು ಬಾಯಿಗಿಟ್ಟರು. ಕಲ್ಲಿನಿಂದ ಕೈ ತೆಗೆಯದೆ ನುಂಗಿದೆ. ಸಂಜೆಗೆ ನೀಲಿ ಹೋಯಿತು, ಅಲಗು ಅಕ್ಕಿಕಾಳಿನ ದಪ್ಪದಷ್ಟು ಸವೆದಿತ್ತು. ಚರ್ಮದ ಪಟ್ಟಿಯ ಮೇಲೆ ಕತ್ತಿಯ ಬೆನ್ನು ಮುಂದಾಗಿಸಿ ನಲವತ್ತು ಸಲ ಎಳೆದು, ಗಂಡನ ಮುಂಗೈ ಮೇಲೆ ಆಡಿಸಿದೆ. ಕೂದಲು ಸದ್ದಿಲ್ಲದೆ ಉದುರಿತು. ತಪ್ಪಿಗೆ ಅಷ್ಟು ದಂಡ ಸಾಕು ಎಂದುಕೊಂಡೆ.

ಬುಧವಾರ ಚಿಕ್ಕಬೈರಪ್ಪ ಕುರ್ಚಿಯ ಎರಡೂ ಹಿಡಿ ಬಿಗಿಹಿಡಿದು ಕೂತರು. ತಮಾಷೆ ನೋಡಲು ಬಾಗಿಲಲ್ಲಿ ಆರೇಳು ಜನ ನಿಂತಿದ್ದರು. ಉದ್ದ ಗಡ್ಡವನ್ನು ಕತ್ತರಿಯಲ್ಲಿ ಇಳಿಸಿ, ನೊರೆ ಹಚ್ಚಿ, ಕಿವಿಯ ಪಕ್ಕದಿಂದ ಶುರುಮಾಡಿದೆ. ಎಡಗೈಯಲ್ಲಿ ಚರ್ಮ ಎಳೆದು ಹಿಡಿದು ಕತ್ತಿ ಇಳಿಸಿದೆ. ಕೆನ್ನೆ ಮುಗಿಯುವಾಗ ಅವರ ಬೆರಳು ಸಡಿಲವಾದವು. ಗಂಟಲಿಗೆ ಇಳಿಯುವ ಹೊತ್ತಿಗೆ ಗೊರಕೆ ಕೇಳಿಸಿತು.

ಕೆಲಸ ಮುಗಿಸಿ ಎಬ್ಬಿಸಿದೆ. ಕನ್ನಡಿಯಲ್ಲಿ ಮುಖ ಅತ್ತಿತ್ತ ತಿರುಗಿಸಿ ಗೀರು ಹುಡುಕಿದರು, ಸಿಗಲಿಲ್ಲ. ಕೆನ್ನೆಯನ್ನು ಕೆಳಗಿಂದ ಮೇಲಕ್ಕೆ ಸವರಿಕೊಂಡು, ಕತ್ತಿ ಬಸಲಿಂಗ ಮಸೆದ ಹಾಗೇ ಇದೆ ಎಂದರು.

“ಆರು ವರ್ಷದಿಂದ ನಿಮ್ಮ ಗಡ್ಡದ ಕತ್ತಿ ಮಸದಾಕಿ ನಾನರೀ, ಗೌಡ್ರ,” ಎಂದೆ.

ಅವರು ಕುರ್ಚಿಯಿಂದ ಎದ್ದರು. ಮೊಳೆಗೆ ನೇತುಹಾಕಿದ್ದ ಬೀಗವನ್ನು ತೆಗೆದು ತಾವೇ ನನ್ನ ಕೈಗಿಟ್ಟರು. ಸಂತೋಷಕ್ಕೆ ನನ್ನ ಕಾಲು ನೆಲದ ಮೇಲಿರಲಿಲ್ಲ. ತಿರುಗಿ ನೋಡಿದರೆ, ತಮಾಷೆ ನೋಡಲು ಬಂದವರಲ್ಲೊಬ್ಬ ಆಗಲೇ ಕುರ್ಚಿ ಏರಿ, ಗದ್ದ ಎತ್ತಿ ಕಾಯುತ್ತಿದ್ದ.