ಅಕ್ಕನ ಡಬ್ಬಿ

ಮೊನ್ನೆ ಬಸುರಿ ಮಗಳನ್ನು ಮೂತ್ರ ಪರೀಕ್ಷೆಗೆಂದು ಆಸ್ಪತ್ರೆಗೆ ಕರೆದೊಯ್ದಿದ್ದೆ. ಡಬ್ಬಿ ಹಿಡಿದು ಅವಳು ಶೌಚಾಲಯದೊಳಗೆ ಹೋದದ್ದೇ ತಡ, ಬೆಂಚಿನ ಮೇಲೆ ಕೂತಿದ್ದ ನನಗೆ ಇದ್ದಕ್ಕಿದ್ದಂತೆ ನಗು ಉಕ್ಕಿತು. ನನ್ನ ಓರಗಿತ್ತಿ ನೆನಪಾಗಿದ್ದಳು.

ನಾವಿಬ್ಬರೂ ಒಂದೇ ಮನೆಯ ಸೊಸೆಯರು, ಒಂದೇ ವರ್ಷ ಬಸುರಾದವರು. ಅವಳಿಗದು ಎರಡನೆಯದು, ನನಗೆ ಚೊಚ್ಚಲು. ನಾನು ಅವಳನ್ನು ಅಕ್ಕ ಅನ್ನುತ್ತಿದ್ದೆ, ಅವಳು ನನ್ನನ್ನು ಮರಿ ಅನ್ನುತ್ತಿದ್ದಳು. ಅಡುಗೆಮನೆಯ ಕಿರಿದಾದ ಬಾಗಿಲಲ್ಲಿ ಎದುರುಬದುರಾದರೆ ಹೊಟ್ಟೆಗೆ ಹೊಟ್ಟೆ ತಾಗಿ, ಯಾರು ಹಿಂದೆ ಸರಿಯಬೇಕೆಂದು ಜಗಳಾಡುತ್ತಿದ್ದೆವು. ಮಾತಿಗೆ ಕೂತರೆ ಮನೆಮಂದಿಯನ್ನೆಲ್ಲ ನಗಿಸುವ ಅಕ್ಕನಿಗೆ ಹೊರಗೆ ಹೋದರೆ ಮಾತ್ರ ವಿಪರೀತ ನಾಚಿಕೆ.

ಆಗಲೂ ಹೀಗೇ ಆಸ್ಪತ್ರೆಯಲ್ಲಿ ನರ್ಸಮ್ಮ ಇಬ್ಬರ ಕೈಗೂ ಒಂದೊಂದು ಡಬ್ಬಿ ಕೊಟ್ಟರು. ಶೌಚಾಲಯದ ಚಿಲಕ ಮುರಿದಿತ್ತು. ಹೊರಗೆ ಹೆಂಗಸರ ಸಾಲು. ಒಳಗೆ ಹೋದ ಅಕ್ಕ ಖಾಲಿ ಡಬ್ಬಿಯೊಂದಿಗೇ ಬಂದಳು.

"ಒಂದು ಹನೀನೂ ಬರ್ತಿಲ್ಲ ಕಣೇ. ಇಷ್ಟು ಜನ ಕಿವಿಗೊಟ್ಟು ನಿಂತಿದ್ರೆ ಹೇಗೆ ಬರುತ್ತೆ?"

"ನೀರು ಕುಡಿ ಅಕ್ಕ, ಕಾಯೋಣ."

"ಮಗು ಸ್ಕೂಲಿಂದ ಬರೋ ಹೊತ್ತಾಯ್ತು. ಎರಡೂ ನೀನೇ ತುಂಬ್ಸಿಬಿಡು ಮರಿ. ಒಂದೇ ಮನೆ ಊಟ ಮಾಡ್ತೀವಿ, ಏನು ವ್ಯತ್ಯಾಸ ಬರುತ್ತೆ?"

ನಗುತ್ತಲೇ ತುಂಬಿಸಿಕೊಟ್ಟೆ.

ಮುಂದಿನ ಸಲ ಹೋದಾಗ ಡಾಕ್ಟರಮ್ಮ ಇಬ್ಬರನ್ನೂ ಒಟ್ಟಿಗೆ ಕೂರಿಸಿದರು. "ಇಬ್ಬರಿಗೂ ಮೂತ್ರದಲ್ಲಿ ಸೋಂಕಿದೆ. ಉರಿ, ಜ್ವರ ಏನಾದ್ರೂ ಇದ್ಯಾ?"

ನನಗೆ ಏನೂ ಇರಲಿಲ್ಲ. ಹಾಗೆಂದೆ.

"ಎಷ್ಟೋ ಜನಕ್ಕೆ ಗೊತ್ತೇ ಆಗಲ್ಲ. ಬಸುರಲ್ಲಿ ಹಾಗೇ ಬಿಟ್ರೆ ಕಿಡ್ನಿಗೆ ಏರಬಹುದು, ದಿನ ತುಂಬೋ ಮುಂಚೆ ಹೆರಿಗೆ ಆಗಬಹುದು. ಅದಕ್ಕೇ ಪರೀಕ್ಷೆ ಮಾಡೋದು," ಎನ್ನುತ್ತ ಇಬ್ಬರಿಗೂ ಮಾತ್ರೆ ಬರೆಯತೊಡಗಿದರು.

ಅಕ್ಕ ನನ್ನ ಕೈ ಹಿಡಿದುಕೊಂಡಳು. "ಡಾಕ್ಟ್ರೇ... ನನ್ನ ಡಬ್ಬೀಲಿದ್ದಿದ್ದೂ ಇವಳದ್ದೇ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಸೋಂಕು ನಿಮಗಿದ್ದು ಇವರು ಚೆನ್ನಾಗಿದ್ದಿದ್ರೆ?" ಎಂದಷ್ಟೇ ಕೇಳಿದರು. ಇಬ್ಬರೂ ತಲೆ ತಗ್ಗಿಸಿದೆವು. ಬಾಗಿಲ ಬಳಿಯಿದ್ದ ನರ್ಸಮ್ಮನಿಗೆ ಮಾತ್ರ ನಗು ತಡೆಯಲಾಗಲಿಲ್ಲ. ಅಕ್ಕನನ್ನು ತಾವೇ ಕರೆದೊಯ್ದು, ಚಿಲಕವಿಲ್ಲದ ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ಪಕ್ಕದ ನಲ್ಲಿಯನ್ನು ಜೋರಾಗಿ ತಿರುಗಿಸಿ, "ಈಗ ಯಾರಿಗೂ ಕೇಳ್ಸಲ್ಲಮ್ಮ, ನಿಧಾನವಾಗಿ ಮಾಡಿ," ಅಂದರು.

ಅಂದೇ ಪರೀಕ್ಷಿಸಿ ನೋಡಿದಾಗ ಅಕ್ಕನಿಗೆ ಸೋಂಕಿರಲಿಲ್ಲ. ಆದರೂ ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳು ನನ್ನ ಕೈ ಬಿಡಲಿಲ್ಲ.

ನನ್ನ ಮಾತ್ರೆ ಮುಗಿಯುವವರೆಗೂ ಮಧ್ಯಾಹ್ನವಾದರೆ ಸಾಕು, ಹಿತ್ತಿಲ ಮೆಟ್ಟಿಲ ಮೇಲೆ ಎರಡು ಚೊಂಬು ನೀರಿಟ್ಟುಕೊಂಡು ಕಾಯುತ್ತಿದ್ದಳು. "ನೀನು ಕುಡಿ, ನಾನೂ ಕುಡೀತೀನಿ," ಅನ್ನುವಳು. ಕುಡಿದು ಕುಡಿದು ಸರದಿಯಂತೆ ಬಚ್ಚಲಿಗೆ ಓಡುತ್ತಿದ್ದೆವು. "ಆ ಬಾಗಿಲಿಗೂ ಸ್ವಲ್ಪ ಪುರುಸೊತ್ತು ಕೊಡ್ರೇ," ಎಂದು ಅತ್ತೆ ಒಳಗಿನಿಂದ ಕೂಗುತ್ತಿದ್ದರು. ಮತ್ತೆ ಪರೀಕ್ಷೆ ಮಾಡಿದಾಗ ಸೋಂಕು ಹೋಗಿತ್ತು. ದಿನ ತುಂಬಿಯೇ ಇಬ್ಬರಿಗೂ ಹೆರಿಗೆಯಾಯಿತು.

ಆಮೇಲೆ ಅಣ್ಣತಮ್ಮಂದಿರು ಬೇರೆಯಾದರು. ಅಕ್ಕ ದೂರದ ಊರು ಸೇರಿದಳು. ಆ ಮನೆಯೂ ಈಗಿಲ್ಲ. ಆ ಮೆಟ್ಟಿಲ ಮೇಲೆ ಕೂತಷ್ಟು ನಿರಾಳವಾಗಿ ನಾನು ಮತ್ತೆ ಯಾರ ಪಕ್ಕದಲ್ಲೂ ಕೂತಿಲ್ಲ.