ಸೆಕೆಂಡಿಗೆ ಎರಡು ಹನಿ

ಟಪ್, ಟಪ್ — ಸೆಕೆಂಡಿಗೆ ಎರಡು, ಸರಿಯಾಗಿದೆ, ಇಲ್ಲ, ಈಗ ಮೂರು ಬಿತ್ತಲ್ಲ, ನಳಿಗೆಯ ಗಂಟು ಸಡಿಲವಾಯಿತೇನೋ, ಬಗ್ಗಿ ಎರಡು ಬೆರಳಲ್ಲಿ ಬಿಗಿದ, ಈಗ ಒಂದೂ ಬೀಳುತ್ತಿಲ್ಲ, ಇದೊಳ್ಳೆ ಪಜೀತಿ, ತುಸು ಬಿಟ್ಟ, ಟಪ್, ಟಪ್, ಹಾಂ, ಹೀಗೇ ಇರು ತಾಯಿ — ಮೇಜಿನ ಮೇಲೆ ಉಪ್ಪುನೀರಿನ ತೊಟ್ಟಿ, ಅದರಿಂದ ಇಳಿಬಿಟ್ಟ ಎರಡು ಸಪೂರ ನಳಿಗೆ, ನೆಲದ ಮೇಲೆ ಎರಡು ಜಗ್ಗು, ಒಂದರಲ್ಲಿ ಸಿಗಡಿ, ಇನ್ನೊಂದರಲ್ಲಿ ಮೀನು, ಹೊಸ ನೀರು ಹನಿಹನಿಯಾಗಿ ಬೆರೆತು ಮೈಗೆ ಒಗ್ಗಬೇಕು, ಎತ್ತಿ ಧೊಪ್ಪನೆ ತೊಟ್ಟಿಗೆ ಹಾಕುವ ಹಾಗಿಲ್ಲ, ಅವಸರ ಮಾಡುವವನಿಗೆ ಈ ಹುಚ್ಚು ಬೇಡ, ಅವನಿಗೆ ಅವಸರವಿಲ್ಲ, ಹದಿನೆಂಟು ವರ್ಷದಿಂದ ಕಟ್ಟುಹಲ್ಲು ಮಾಡುವವನು ಅವನು, ಬೇಗ ಕುದಿಸಿದರೆ ಒಸಡಿನ ಅಚ್ಚಿನೊಳಗೆ ಗುಳ್ಳೆ ಏಳುತ್ತದೆ, ಸಣ್ಣ ಬಿಸಿಯಲ್ಲಿ ಗಂಟೆಗಟ್ಟಲೆ ಕಾಯಬೇಕು, ನಿಮ್ಮ ತಾಳ್ಮೆ ನಿಮಗಿರಲಿ ಮಾರಾಯ್ರೇ ಎಂದು ಹಲ್ಲಿನ ಡಾಕ್ಟರು ಕೈಮುಗಿದದ್ದೂ ಉಂಟು — ಹಾಗಿದ್ದರೆ ಇಷ್ಟೊತ್ತಿಗೆ ನಾಲ್ಕು ಸಲ ಯಾಕೆ ಎದ್ದ, ಯಾಕೆ ಕೂತ, ನಡುಮನೆಯ ಆಚೆಗಿನ ಆ ಬಾಗಿಲನ್ನು ಯಾಕೆ ನೋಡಿದ. ಬಾಗಿಲ ಕೆಳಗೆ ಬೆಳಕಿನ ಒಂದು ಗೆರೆ. ಒಳಗಿನ ಕಿಟಕಿಗೆ ಮಧ್ಯಾಹ್ನದ ಬಿಸಿಲು ಬೀಳುತ್ತದೆ, ಈಚೆ ಕತ್ತಲು, ಹಾಗಾಗಿ ಗೆರೆ ಎದ್ದು ಕಾಣುತ್ತದೆ, ಅದರಲ್ಲಿ ಆಗಾಗ ಎರಡು ಪಾದಗಳ ನೆರಳು ಬಂದು ನಿಲ್ಲುತ್ತದೆ, ಈಗ ಬಾಗಿಲು ತೆಗೆದಾಳು ಎಂದು ಅವನು ಅರ್ಧ ಏಳುತ್ತಾನೆ, ನೆರಳು ಹಿಂದೆ ಸರಿದುಹೋಗುತ್ತದೆ. ಅಕ್ಕನ ಮಗಳು, ಹನ್ನೆರಡು ವರ್ಷ, ಈ ಮನೆಗೆ ಬಂದು ಇವತ್ತಿಗೆ ಇಪ್ಪತ್ತು ದಿನ.

ಇಪ್ಪತ್ತು ದಿನದಲ್ಲಿ ಆಡಿದ ಮಾತುಗಳನ್ನು ಕೈಬೆರಳಲ್ಲಿ ಎಣಿಸಬಹುದು, ಸಾಕು, ಬೇಡ, ಹಸಿವಿಲ್ಲ ಅತ್ತೆ, ಹೂಂ ಮಾಮ, ಅಷ್ಟೆ — ಅಪ್ಪ ಅನ್ನುವವನು ಅವಳು ತೊಟ್ಟಿಲಲ್ಲಿರುವಾಗಲೇ ಬಿಟ್ಟುಹೋದ, ಅಮ್ಮ ನಾಲ್ಕು ತಿಂಗಳ ಹಿಂದೆ ಹೋದಳು, ಹುಡುಗಿ ಪರೀಕ್ಷೆ ಮುಗಿಯುವವರೆಗೆ ಹಾಸ್ಟೆಲಿನಲ್ಲಿದ್ದಳು, ಇನ್ನು ಇರುವುದು ಮಾಮ ಅತ್ತೆ, ಕೆದಕ್ಬೇಡಿ ರೀ, ಮಗು ತಾನಾಗೇ ಬಾಯಿಬಿಡ್ಲಿ ಎಂದಳು ಹೆಂಡತಿ, ಶಾಲೆಯ ಟೀಚರೂ ಅದನ್ನೇ ಹೇಳಿದರು, ಟೈಮ್ ಕೊಡಿ ಸರ್, ಅವನಿಗೂ ಬೇಕಾದದ್ದು ಅದೇ ತಾನೇ, ತಲೆಯಾಡಿಸಿದ, ಅವಳು ಬಂದ ದಿನವೇ ಅಕ್ಕನ ಫೋಟೋವನ್ನು ಗೋಡೆಯಿಂದ ತೆಗೆದು ಬೀರುವಿನಲ್ಲಿ ಹೊದಿಕೆಗಳ ಅಡಿಗೆ ಸೇರಿಸಿದ, ಅವಳ ಹೆಸರನ್ನು ಯಾರೂ ಎತ್ತಬಾರದು ಅಂತಾಯಿತು — ಒಂದೇ ಒಂದು ಸಲ ಹುಡುಗಿ ತಾನಾಗಿ ಕೇಳಿದ್ದು, ಮೀನಿನಂಗಡಿಯಲ್ಲಿ, ಮೊದಲ ವಾರ, ಗಾಜಿಗೆ ಮೂಗು ಒತ್ತಿಕೊಂಡು ನಿಂತಿದ್ದಳು, ಅಂಗಡಿಯವನು ವಿವರಿಸುತ್ತಿದ್ದ, ಈ ಸಿಗಡಿಗೆ ಕಣ್ಣು ಅಷ್ಟಕ್ಕಷ್ಟೆ ಪುಟ್ಟಿ, ಅದು ಮರಳು ತೋಡಿ ಮನೆ ಮಾಡತ್ತೆ, ಈ ಮೀನು ಬಾಗಿಲಲ್ಲಿ ಕೂತು ಕಾವಲು ಕಾಯತ್ತೆ, ಹೊರಗೆ ಬಂದಾಗೆಲ್ಲ ಸಿಗಡಿ ತನ್ನ ಒಂದು ಮೀಸೆ ಮೀನಿನ ಮೈಮೇಲೆ ಇಟ್ಕೊಂಡೇ ಇರತ್ತೆ, ಬಾಲ ಅಲುಗಿತೋ, ಒಳಗೆ ಓಟ. ಹುಡುಗಿ ಬಹಳ ಹೊತ್ತು ನೋಡಿ ಅವನತ್ತ ತಿರುಗಿದಳು, ಮೀನು ಸತ್ತೋದ್ರೆ ಸಿಗಡಿ ಏನ್ಮಾಡತ್ತೆ ಮಾಮ. ಅವನು ನೋಡೋಣ ಎಂದ. ನೋಡೋಣ, ಅಂತೆ, ನೋಡುವುದಕ್ಕೆ ಏನಿತ್ತು, ಬಾಯಿಗೆ ಬಂದದ್ದು ಅದು, ಅಂದು ಮನೆಗೆ ಬಂದವನೇ ಅಂಗಡಿಗೆ ಫೋನು ಮಾಡಿ ಅಂಥದ್ದೇ ಒಂದು ಜೋಡಿ ತರಿಸಿಕೊಡಿ ಎಂದಿದ್ದ, ನೀರು ತುಂಬಿದ ಬ್ಯಾಗಿನಲ್ಲಿ ಎರಡು ದಿನ ಪ್ರಯಾಣ ಮಾಡಿ ಇವತ್ತು ಬೆಳಿಗ್ಗೆ ಬಂದಿವೆ, ಇವು ತೊಟ್ಟಿಯಲ್ಲಿ ಬದುಕಿ ಮನೆ ಕಟ್ಟಿಕೊಂಡರೆ ಅವಳನ್ನು ಕರೆದು ತೋರಿಸಬೇಕು, ಅದೇ ಉತ್ತರ.

ಟಪ್, ಟಪ್ — ಮೀನು ಯಾಕೆ ಹೀಗೆ ಉಸಿರಾಡುತ್ತಿದೆ, ಕಿವಿರು ಪಟಪಟ ಬಡಿಯುತ್ತಿದೆ, ಹೊಸ ಜಾಗ, ಹೆದರಿರಬೇಕು, ಸಿಗಡಿ ಮಾತ್ರ ಗಟ್ಟಿಗ, ಜಗ್ಗಿನ ತಳದಲ್ಲಿ ಮೀಸೆ ತಿರುವುತ್ತ ಕೂತಿದೆ, ಬ್ಯಾಗು ಬಿಚ್ಚಿ ನೀರಿನ ಸಮೇತ ಜಗ್ಗಿಗೆ ಸುರಿದು ಒಂದು ಗಂಟೆ ಹತ್ತು ನಿಮಿಷ, ಇನ್ನರ್ಧ ಗಂಟೆ ಇರಲಿ, ನಿಧಾನವಾದಷ್ಟೂ ಒಳ್ಳೆಯದು — ಎಷ್ಟೊತ್ತೂಂತ ಬೆರಳು ಅದ್ದಿ ನೋಡ್ತೀಯೋ, ಇಳಿ, ಅದು ಅಕ್ಕನ ದನಿ, ಈಜುಕೊಳದ ಮೆಟ್ಟಿಲು, ಅವನಿಗೆ ಒಂಬತ್ತು, ಅವಳಿಗೆ ಹದಿಮೂರು, ಬೆನ್ನಿಗೆ ಅವಳ ಎರಡು ಅಂಗೈ ತಾಗಿದ್ದಷ್ಟೇ ಗೊತ್ತು, ಮೂಗಿನ ತುಂಬ ನೀರು, ಕಣ್ಣು ಬಿಟ್ಟರೆ ಅವಳೂ ಪಕ್ಕದಲ್ಲೇ ಹಾರಿದ್ದಳು, ತಲೆಗೂದಲು ಹಿಡಿದು ಮೇಲೆತ್ತಿ ನಗುತ್ತಿದ್ದಳು, ಅವಳದು ಎಲ್ಲ ಹಾಗೇ, ಬಿರುಗಾಳಿ, ಹೋದದ್ದೂ ಹಾಗೇ — ಬೇಡ, ಅದು ಬೇಡ, ಹನಿ ಎಣಿಸು, ಟಪ್, ಟಪ್, ಫೋನು ಎರಡು ಸಲ ಬಡಿದುಕೊಂಡಿತ್ತು ಅವತ್ತು, ಆಸ್ಪತ್ರೆಯಿಂದ, ಈಗಲೇ ಬನ್ನಿ ಎಂದರು, ಒಲೆಯ ಮೇಲೆ ಯಾರದೋ ಮೇಲಿನ ಸಾಲಿನ ಹಲ್ಲು, ಇನ್ನು ಅರ್ಧ ಗಂಟೆ ಕಳೆದರೆ ಮುಗಿಯುತ್ತದೆ, ಹಾಳಾದರೆ ಮೊದಲಿಂದ ಮಾಡಬೇಕು, ಅರ್ಧ ಗಂಟೆ ತಾನೇ ಎಂದುಕೊಂಡ, ಕಾದ, ಹಲ್ಲು ಒಂದು ಗುಳ್ಳೆಯಿಲ್ಲದೆ ಬಂತು, ಅವನು ಹೋಗುವಷ್ಟರಲ್ಲಿ ನರ್ಸು ಪರದೆ ಎಳೆದಾಗಿತ್ತು, ಪರದೆಯ ಈಚೆ ಸ್ಟೂಲಿನ ಮೇಲೆ ಹುಡುಗಿ ಒಬ್ಬಳೇ ಕೂತಿದ್ದಳು, ಚಪ್ಪಲಿ ನೆಲಕ್ಕೆ ತಾಗಿರಲಿಲ್ಲ. ಇದನ್ನು ಅವನು ಹೆಂಡತಿಗೂ ಹೇಳಿಲ್ಲ. ಟ್ರಾಫಿಕ್ಕು ಎಂದ.

ಮೀನು ವಾಲಿತು. ಇಲ್ಲ, ತಿರುಗಿರಬೇಕು, ಇಲ್ಲ, ವಾಲಿದೆ, ಒಂದು ಪಕ್ಕಕ್ಕೆ, ಹೊಟ್ಟೆಯ ಬಿಳಿ ಕಾಣುತ್ತಿದೆ — ಅಂಗಡಿಯವನು ಬೆಳಿಗ್ಗೆ ಏನೋ ಹೇಳುತ್ತಲೇ ಇದ್ದ, ಸಿಗಡಿಗೆ ನಿಧಾನ, ಎಷ್ಟು ನಿಧಾನ ಮಾಡಿದ್ರೂ ಕಮ್ಮಿನೇ ಎಂದ, ಅಲ್ಲಿಗೇ ಇವನಿಗೆ ಖುಷಿಯಾಗಿ ಹೂಂ ಹೂಂ ಎನ್ನುತ್ತ ಹೊರಟುಬಿಟ್ಟ, ಉಳಿದದ್ದು ಬೆನ್ನ ಹಿಂದೆ ಕೇಳಿಸಿತ್ತು, ಕಿವಿಗೆ ಹಾಕಿಕೊಂಡಿರಲಿಲ್ಲ, ಈಗ ಒಂದೊಂದೇ ಮಾತು ನೆಟ್ಟಗೆ ಬಂದು ನಿಲ್ಲುತ್ತಿದೆ, ಆದ್ರೆ ಮೀನಿಗೆ ಹಂಗಲ್ಲ ಸರ್, ಎರಡು ದಿನ ಅದರ ಹೇಸಿಗೇನಲ್ಲೇ ಅದಿದೆ, ಮುಚ್ಚಿರೋವರೆಗೆ ಪರ್ವಾಗಿಲ್ಲ, ಬ್ಯಾಗ್ ಬಿಚ್ಚಿ ಗಾಳಿ ಆಡ್ತು ಅಂದ್ರೆ ಆ ನೀರೇ ವಿಷ, ತಡ ಮಾಡ್ಬೇಡಿ, ಬೇಗ ಎತ್ತಿ ಹಾಕ್ಬಿಡಿ. ತಡ ಮಾಡ್ಬೇಡಿ. ಬಲೆ ಎಲ್ಲಿ, ಬಲೆ ಹಾಳಾಗಲಿ, ಕೈಯನ್ನೇ ಅದ್ದಿದ, ತಣ್ಣಗೆ ಜಾರುವ ಹೆಬ್ಬೆರಳಷ್ಟು ಜೀವ, ಬೊಗಸೆ, ಎರಡು ಹೆಜ್ಜೆ, ತೊಟ್ಟಿ — ಬಿಟ್ಟ. ಮೀನು ಎಲೆಯ ಹಾಗೆ ತಳಕ್ಕೆ ಇಳಿದು ಮರಳ ಮೇಲೆ ಮಲಗಿತು, ಅವನು ಗಾಜಿಗೆ ಮೂಗು ಒತ್ತಿದ, ಒಗ್ಗಲಿ ಒಗ್ಗಲಿ ಎಂದು ಅದನ್ನು ವಿಷದಲ್ಲಿ ಕೂಡಿಹಾಕಿ ಗಂಟೆ ನೋಡುತ್ತ ಕೂತಿದ್ದವನು, ಮುಟ್ಠಾಳ, ಏಳು, ಏಳಪ್ಪಾ — ಕಿವಿರು ಆಡಿತು, ಮತ್ತೆ ಆಡಿತು, ರೆಕ್ಕೆಯೊಂದು ಬಿಚ್ಚಿಕೊಂಡಿತು, ಸದ್ಯಕ್ಕೆ ಉಸಿರಿದೆ.

ಸಿಗಡಿಗೆ ಇನ್ನೂ ಹೊತ್ತು ಬೇಕು, ಟಪ್, ಟಪ್, ಅದರ ಪಾಡಿಗೆ ಅದು ಬೀಳಲಿ, ಅವನು ಒದ್ದೆ ಕೈಯಲ್ಲೇ ಬೀರು ತೆಗೆದ, ಫೋಟೋ ಬೇಕು, ಈಗಲೇ ಬೇಕು, ಗೋಡೆಗೆ ಹಾಕಬೇಕು, ಮೊದಲ ಹೊದಿಕೆ, ಎರಡನೆಯದು, ಕೊನೆಯದು, ಹಲಗೆ ಬರಿದಾಗಿದೆ, ಹೆಂಡತಿ ತೆಗೆದಳೇ, ಅವಳೇಕೆ ತೆಗೆಯುತ್ತಾಳೆ, ಮತ್ತೆ ಎಲ್ಲಿ — ಬಂದ ಮರುದಿನ ಹುಡುಗಿ ಹೊದಿಕೆ ಬೇಕು ಎಂದಿದ್ದಳಲ್ಲ, ತಗೋ ಪುಟ್ಟಾ, ಬೀರುವಿನಲ್ಲಿದೆ ಎಂದವನು ಅವನೇ. ಹತ್ತೊಂಬತ್ತು ದಿನ. ಹತ್ತೊಂಬತ್ತು ದಿನದಿಂದ ಅವಳು ಆ ಬಾಗಿಲು ಹಾಕಿಕೊಂಡು ಅಮ್ಮನನ್ನು ಒಬ್ಬಳೇ ಇಟ್ಟುಕೊಂಡು ಕೂತಿದ್ದಾಳೆ, ಈಚೆ ಇವನು ಒಳ್ಳೆಯವನಂತೆ ಟೈಮ್ ಕೊಡುತ್ತಿದ್ದಾನೆ, ಯಾರಿಗೆ ಕೊಟ್ಟದ್ದು, ತನಗೇ, ಅವಳು ಬಾಯಿಬಿಟ್ಟರೆ ಕೇಳುವುದು ಒಂದೇ ಎಂದು ಹೆದರಿ, ಯಾಕೆ ಮಾಮ ತಡ ಮಾಡಿದೆ — ನಡುಮನೆ ದಾಟಿದ, ಕೈಯಿಂದ ಉಪ್ಪುನೀರು ನೆಲಕ್ಕೆ ಬೀಳುತ್ತಿದೆ, ಬಾಗಿಲ ಮುಂದೆ ನಿಂತ, ತಟ್ಟಲು ಕೈ ಎತ್ತಿದ, ಅಕ್ಕ ಹೋದ ದಿನ, ಎಂದ, ದನಿ ತನ್ನದಲ್ಲವೆನಿಸಿತು, ಅವತ್ತು ನಾನು ಬೇಗ ಬರ್ಬಹುದಿತ್ತು ಪುಟ್ಟಾ, ಬರ್ಲಿಲ್ಲ — ತಲೆ ತಗ್ಗಿತು, ಬಾಗಿಲ ಕೆಳಗೆ ಬೆಳಕಿನ ಗೆರೆ, ಅದರಲ್ಲಿ ಎರಡು ಪಾದಗಳ ನೆರಳು, ಬಂದದ್ದು, ನಿಂತದ್ದು, ಹಿಂದೆ ಸರಿಯದೆ ನಿಂತೇ ಇರುವುದು, ಎರಡು ಪಾದ, ಬೆಳಕಿನ ಗೆರೆ, ಎರಡು ಪಾದ