ಅಪ್ಪನ ವಿಡಿಯೋದಲ್ಲಿ ಕಂಡ ನಡುಕ

ಆಫೀಸಿನಲ್ಲಿ ಅವಳನ್ನು ಎಲ್ಲರೂ 'ಹದ್ದು' ಎಂದು ಕರೆಯುತ್ತಿದ್ದರು. ಮೊದಮೊದಲು ಬೆನ್ನ ಹಿಂದೆ, ಆಮೇಲೆ ಎದುರಿಗೇ. ಅವಳಿಗೂ ಅದು ಇಷ್ಟವೇ ಆಗಿತ್ತು. ಇಂಟರ್ನೆಟ್ಟಿನಲ್ಲಿ ಹಾಕಿದ ವಿಡಿಯೋಗಳು ಬೇರೆ ಬೇರೆ ಫೋನು, ಟಿವಿಗಳಲ್ಲಿ ಸರಾಗವಾಗಿ ಓಡುತ್ತವೆಯೇ ಎಂದು ಪರೀಕ್ಷಿಸುವುದು ಅವಳ ಕೆಲಸ. ವಿಡಿಯೋ ಎಂದರೆ ಒಂದರ ಬೆನ್ನಿಗೊಂದು ಓಡುವ ಚಿತ್ರಗಳು, ಫ್ರೇಮುಗಳು. ನಡುವೆ ನಾಲ್ಕು ಫ್ರೇಮು ತಪ್ಪಿಹೋದರೂ, ಅವರ ಭಾಷೆಯಲ್ಲಿ 'ಬಿದ್ದರೂ', ಚಿತ್ರ ಮುಗ್ಗರಿಸುತ್ತದೆ. ಬೇರೆಯವರು ಯಂತ್ರವಿಟ್ಟು ಎಣಿಸಿ ಹೇಳುವುದನ್ನು ಅವಳು ಬರಿಗಣ್ಣಿನಲ್ಲೇ ನೋಡಿ, "ಇಲ್ಲಿ ಬಿತ್ತು" ಎನ್ನುತ್ತಿದ್ದಳು. ಹೆಚ್ಚಿನ ಸಲ ಅದು ಸರಿಯಾಗಿಯೇ ಇರುತ್ತಿತ್ತು.

ಅವಳ ಅಪ್ಪ ಬೋರ್ಡು ಬರೆಯುವ ಪೇಂಟರ್. ಅಂಗಡಿಗಳೆಲ್ಲ ಪ್ರಿಂಟ್ ಹೊಡೆಸಿದ ಬೋರ್ಡಿನ ಕಡೆ ಹೋದ ಮೇಲೂ ಅವರು ಬ್ರಷ್ ಬಿಟ್ಟಿರಲಿಲ್ಲ. ಮಗಳೇ ಒಂದು ಸ್ಟ್ಯಾಂಡು, ಒಂದು ಒಳ್ಳೆಯ ಫೋನು ಕೊಡಿಸಿದ್ದಳು. ಅಪ್ಪ ಅಕ್ಷರ ಬರೆಯುವುದನ್ನು ವಿಡಿಯೋ ಮಾಡಿ ಹಾಕತೊಡಗಿದರು. ಮಾತಿಲ್ಲ, ಹಾಡಿಲ್ಲ. ಬ್ರಷ್ ಬಣ್ಣದಲ್ಲಿ ಅದ್ದಿ ಒಂದೇ ಎಳೆತಕ್ಕೆ ಗೆರೆ ಎಳೆಯುವುದಷ್ಟೇ. ಅದನ್ನು ನೋಡಲು ಸಾವಿರಾರು ಜನ.

ಚಿಕ್ಕಮ್ಮನ ಹೊಸ ಮನೆಯ ಗೃಹಪ್ರವೇಶಕ್ಕೆ ನೆಂಟರೆಲ್ಲ ಸೇರಿದ್ದರು. ಗೋಡೆಯಗಲದ ಟಿವಿಯಲ್ಲಿ ಯಾರೋ ಅಪ್ಪನ ವಿಡಿಯೋ ಹಾಕಿದರು. ಎಲ್ಲರೂ ಭೇಷ್ ಎನ್ನುತ್ತಿರುವಾಗ ಅಮ್ಮ ಮೆಲ್ಲಗೆ, "ಬರೆಯೋದನ್ನಲ್ಲ, ಬ್ರಷ್ ಕೆಳಗಿಟ್ಟಾಗ ಅವರ ಕೈ ನೋಡಿ. ಹೆಬ್ಬೆರಳು ಕಾಳು ಉಜ್ಜೋ ಹಾಗೆ ತಾನೇ ಆಡ್ತಿರುತ್ತೆ. ಒಂದ್ಸಲ ಡಾಕ್ಟರಿಗೆ ತೋರಿಸೋಣ ಅಂತ" ಎಂದರು.

ಅವಳು ಜೋರಾಗಿ ನಕ್ಕಳು. "ಅಯ್ಯೋ ಅಮ್ಮಾ, ಅದು ಕೈ ಅಲ್ಲ, ವಿಡಿಯೋ. ಫ್ರೇಮ್ ಬೀಳ್ತಿದೆ. ಕೈ ನಡುಗಿದ್ರೆ ಗೆರೆ ಹೀಗೆ ನೆಟ್ಟಗೆ ಬರ್ತಿತ್ತಾ? ನಿನ್ನ ಮಾತು ಕೇಳ್ತಾ ಹೋದ್ರೆ ಟಿವಿನೂ ಆಸ್ಪತ್ರೆಗೆ ಸೇರಿಸಬೇಕಾಗುತ್ತೆ!"

ಮನೆಯೆಲ್ಲ ನಕ್ಕಿತು. ಅಪ್ಪನೂ ನಕ್ಕರು, ಎಲ್ಲರಿಗಿಂತ ಸ್ವಲ್ಪ ಹೆಚ್ಚೇ. ಅಮ್ಮ ಖಾಲಿ ಲೋಟಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದರು.

ಆಮೇಲೆ ಅಮ್ಮ ಫೋನಿನಲ್ಲಿ ಮತ್ತೆ ಹೇಳಿದರು. "ವಿಡಿಯೋದಲ್ಲಿ ಮಾತ್ರ ಅಲ್ಲ ಕಣೇ, ಪಕ್ಕದಲ್ಲಿ ಕೂತಾಗಲೂ ಕಾಣುತ್ತೆ. ನೀನು ಬಂದು ಹೇಳಿದ್ರೆ ಅವರು ಕೇಳ್ತಾರೆ." ಅವಳ ಬಡ್ತಿ ಹತ್ತಿರದಲ್ಲಿತ್ತು, ರಜೆ ಹಾಕುವ ಮನಸ್ಸಿರಲಿಲ್ಲ. "ಬಿಡುವಾದಾಗ ಬರ್ತೀನಮ್ಮ" ಎಂದಳು. ಹಿಂದಿನಿಂದ ಅಪ್ಪನ ದನಿ ಕೇಳಿಸಿತು: "ಅದೇ ಕೆಲಸ ಮಾಡೋಳು ಹೇಳಿದಾಳೆ. ಅವಳಿಗಿಂತ ನಿನಗೆ ಜಾಸ್ತಿ ಗೊತ್ತಾ?" ಅಮ್ಮ ಮತ್ತೆ ಆ ಮಾತೆತ್ತಲಿಲ್ಲ.

ಬಡ್ತಿ ಬಂತು. ಹೊಸದಾಗಿ ಸೇರಿದವರಿಗೆ ಕೆಲಸ ಕಲಿಸುವುದು ಈಗ ಅವಳ ಪಾಲಿನ ಹೊಣೆ. ಕಪ್ಪು ಕರ್ಟನ್ ಎಳೆದ ಪರೀಕ್ಷೆಯ ಕೋಣೆಯಲ್ಲಿ ಸಾಲಾಗಿ ಫೋನುಗಳು, ಅವುಗಳ ಎದುರಿಗೆ ಪರದೆಯ ಮೇಲಿನ ಒಂದೊಂದು ಫ್ರೇಮನ್ನೂ ಹಿಡಿಯುವ ಕ್ಯಾಮೆರಾ. ಫ್ರೇಮ್ ಬಿದ್ದರೆ ಹೇಗೆ ಕಾಣುತ್ತದೆ ಎಂದು ತೋರಿಸಲು ಅವಳು ಬೇರೆ ಯಾವುದನ್ನೂ ಹುಡುಕಲಿಲ್ಲ. ಅಪ್ಪನ ವಿಡಿಯೋವನ್ನೇ ಹಾಕಿದಳು. ಒಳಗೊಳಗೇ ಒಂದಿಷ್ಟು ಹೆಮ್ಮೆಯೂ ಇತ್ತು.

"ಇಲ್ಲಿ ನೋಡಿ, ಬ್ರಷ್ ಇಟ್ಟ ಮೇಲೆ ಬೆರಳು ಹೇಗೆ ತಟತಟ ಅಂತ ಹಾರುತ್ತೆ. ಇದೇ ಫ್ರೇಮ್ ಬೀಳೋದು ಅಂದ್ರೆ. ಈಗ ಎಣಿಸಿ ಎಷ್ಟು ಬಿದ್ದಿದೆ ಹೇಳಿ."

ಹೊಸಬರಲ್ಲಿ ಕನ್ನಡಕದ ಹುಡುಗಿಯೊಬ್ಬಳು ವಿಡಿಯೋವನ್ನು ಯಂತ್ರದ ಎಣಿಕೆಗೆ ಹಾಕಿದಳು. ಪರದೆ ನೋಡಿ ಹುಬ್ಬು ಗಂಟಿಕ್ಕಿದಳು. ಮತ್ತೊಮ್ಮೆ ಹಾಕಿದಳು.

"ಮೇಡಂ, ಒಂದೂ ಬಿದ್ದಿಲ್ಲ."

"ಇನ್ನೊಂದು ಫೋನಲ್ಲಿ ನೋಡು."

ಇನ್ನೊಂದರಲ್ಲೂ ಬಿದ್ದಿರಲಿಲ್ಲ. ಮತ್ತೊಂದರಲ್ಲೂ ಇಲ್ಲ. ಅಪ್ಪ ಹಾಕಿದ ಮೂಲ ವಿಡಿಯೋವನ್ನೇ ಇಳಿಸಿಕೊಂಡು ನೋಡಿದರು; ಒಂದು ಫ್ರೇಮೂ ಅತ್ತಿತ್ತ ಆಗಿರಲಿಲ್ಲ. "ಕ್ಯಾಮೆರಾ ಸರಿಯಾಗಿ ಇಟ್ಟಿಲ್ಲ ನೀವು" ಎಂದು ಅವಳು ಸಿಡುಕಿದಳು.

ಹುಡುಗಿ ಅಳುಕುತ್ತಲೇ ಪರದೆಯ ಮೂಲೆಗೆ ಬೆರಳಿಟ್ಟಳು. ಅಪ್ಪನ ಹಿಂದಿನ ಕಪಾಟಿನ ಮೇಲೆ ಬೆಕ್ಕೊಂದು ಕುಳಿತು ಪಂಜ ನೆಕ್ಕುತ್ತಿತ್ತು. "ಫ್ರೇಮ್ ಬಿದ್ದಿದ್ರೆ ಬೆಕ್ಕೂ ಮುಗ್ಗರಿಸಬೇಕಿತ್ತಲ್ವಾ ಮೇಡಂ? ಅದರ ಬಾಲ ನೋಡಿ, ಎಷ್ಟು ನಯವಾಗಿ ಆಡ್ತಿದೆ. ಅಂದ್ರೆ ಇದು ವಿಡಿಯೋ ಅಲ್ಲ. ಆ ಅಜ್ಜಂದು ಕೈನೇ…"

ಮುಂದೆ ಹೇಳಬೇಕಾಗಿರಲಿಲ್ಲ. ಅನುಮಾನ ಬಂದರೆ ಪಕ್ಕದಲ್ಲಿ ಆಡುವ ಇನ್ನೊಂದು ವಸ್ತುವನ್ನು ನೋಡು: ಅದು ಈ ಕೆಲಸದ ಅ ಆ ಇ ಈ. ಆ ಬೆಳಿಗ್ಗೆ ಅವಳೇ ಅವರಿಗೆ ಹೇಳಿಕೊಟ್ಟಿದ್ದಳು.

"ಯಾರು ಮೇಡಂ ಇವರು?" ಎಂದು ಯಾರೋ ಕೇಳಿದರು.

"ನಮ್ಮಪ್ಪ."

ಭೂಮಿ ಬಾಯಿಬಿಟ್ಟರೆ ಸಾಕು ಅನ್ನಿಸಿತು ಅವಳಿಗೆ. ಪರದೆಯಲ್ಲಿ ಅಪ್ಪನ ಹೆಬ್ಬೆರಳು ಕಾಣದ ಕಾಳನ್ನು ಉಜ್ಜುತ್ತಲೇ ಇತ್ತು. ಅದನ್ನು ನಿಲ್ಲಿಸುವಾಗ ಅವಳಿಗೆ ಇನ್ನೊಂದು ನೆನಪಾಯಿತು. ಹಿಂದಿನ ಸಲ ಮನೆಗೆ ಹೋದಾಗ ಅಪ್ಪನ ಚಮಚ ತಟ್ಟೆಯ ಅಂಚಿಗೆ ಟಣಟಣ ತಾಗುತ್ತಿತ್ತು. ಅವಳು ಕೇಳಿಸಿಕೊಂಡಿದ್ದಳು. ಕೇಳಿಸಿಕೊಂಡು, ಫೋನಿಗೆ ಕಣ್ಣು ಹಾಕಿದ್ದಳು. ಊಟದ ಮೇಜಿನ ಮೇಲೆ ಯಾವ ಫ್ರೇಮು ಬೀಳುತ್ತದೆ?

ಮರುದಿನವೇ ಊರಿಗೆ ಹೊರಟಳು. ಬಾಗಿಲು ತೆರೆದ ಅಮ್ಮನಿಗೆ, "ಅಪ್ಪನ್ನ ಡಾಕ್ಟರ ಹತ್ರ ಕರ್ಕೊಂಡು ಹೋಗೋಣ" ಎಂದಷ್ಟೇ ಹೇಳಿದಳು. ಅಮ್ಮ ಆಗಲೇ ಚಪ್ಪಲಿ ಹಾಕಿಕೊಂಡರು.

ಡಾಕ್ಟರ್ ಅಪ್ಪನ ಕೈಯನ್ನು ತೊಡೆಯ ಮೇಲೆ ಇರಿಸಿ ನೋಡಿದರು. ಬೆರಳು ತಟ್ಟಿಸಿದರು, ನಡೆಸಿದರು. "ಎಷ್ಟು ದಿನದಿಂದ ಹೀಗಿದೆ?"

ಅಪ್ಪ ಅಭ್ಯಾಸಬಲದಿಂದ, "ಏನಿಲ್ಲ ಡಾಕ್ಟ್ರೇ, ನಮ್ಮ ಮಗಳು ಇದೇ ಲೈನಲ್ಲಿರೋಳು, ಅದು ವಿಡಿಯೋದಲ್ಲಿ ಹಾಗೆ ಕಾಣೋದು ಅಂತ…" ಎಂದು ಶುರುಮಾಡಿದರು.

"ಅಪ್ಪಾ, ಬೇಡ" ಎಂದಳು ಅವಳು. ಮುಖ ಸುಡುತ್ತಿತ್ತು. "ಡಾಕ್ಟ್ರೇ, ನಾನು ನೋಡದೇ ಹೇಳಿದ್ದು ಅದು. ಅಮ್ಮ ಮೊದಲಿನಿಂದ್ಲೂ ಹೇಳ್ತಿದ್ರು. ಅವರನ್ನ ಕೇಳಿ."

ಅಮ್ಮ ಹೇಳಿದರು. ಮೊದಲು ಬಲಗೈಯ ಹೆಬ್ಬೆರಳು, ಆಮೇಲೆ ಮಣಿಕಟ್ಟು. ಅಂಗಿಯ ಗುಂಡಿ ಹಾಕಲು ಹಿಡಿಯುವ ಹೊತ್ತು. ಚಹಾ ತುಳುಕದಿರಲೆಂದು ತಾನು ಲೋಟವನ್ನು ಅರ್ಧವೇ ತುಂಬುತ್ತಿದ್ದುದು. ಏಣಿ ಹತ್ತುವ ದಿನ ಯಾವುದೋ ನೆಪ ಹೇಳಿ ಜೊತೆಗೇ ಹೋಗಿ ಕೆಳಗೆ ಹಿಡಿದುಕೊಂಡು ನಿಲ್ಲುತ್ತಿದ್ದುದು. ಅಪ್ಪ ತಲೆ ಎತ್ತಲಿಲ್ಲ.

ಪಾರ್ಕಿನ್ಸನ್ ಎಂದರು ಡಾಕ್ಟರ್, ಮಿದುಳಿನ ಕಾಯಿಲೆ; ಕೈ ಸುಮ್ಮನಿದ್ದಾಗಲೇ ಹೆಚ್ಚು ನಡುಗುವುದು, ಗೆರೆ ನೆಟ್ಟಗೆ ಬರುತ್ತಿದ್ದುದು ಅದಕ್ಕೇ. ವಾಸಿಯಾಗುವುದಲ್ಲ, ಮಾತ್ರೆಯಿಂದ ಹಿಡಿತಕ್ಕೆ ಬರುತ್ತದೆ. ಮುಂಚೆಯೇ ಬಂದಿದ್ದರೆ ಇವರು ಇಷ್ಟು ದಿನ ಕಷ್ಟಪಡಬೇಕಿರಲಿಲ್ಲ ಎಂದರು. ಬೈಯುವ ದನಿಯಿರಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಹೊರಗೆ ಔಷಧಿ ಅಂಗಡಿಯೆದುರು ಅಮ್ಮ ಸಾಲಿನಲ್ಲಿ ನಿಂತಾಗ ಅಪ್ಪ ಬೆಂಚಿನ ಮೇಲೆ ಅವಳ ಪಕ್ಕಕ್ಕೆ ಸರಿದರು. "ನಂಗೆ ಗೊತ್ತಿತ್ತು, ಪುಟ್ಟಿ. ನೀನು ವಿಡಿಯೋ ಅಂದ್ಯಲ್ಲ, ಹೋದ ಜೀವ ಬಂತು ಅನ್ನಿಸ್ತು. ಕೈ ಹೋದ್ರೆ ನಾನು ಇನ್ಯಾರು ಹೇಳು? ನಿನ್ನ ಮಾತಿನ ಹಿಂದೆ ಅವಿತುಕೊಂಡೆ. ನಿಮ್ಮಮ್ಮನ್ನ ಇಬ್ಬರೂ ಸೇರಿ ಹುಚ್ಚಿ ಮಾಡಿಬಿಟ್ವಿ."

ಸಮಾಧಾನಕ್ಕೆಂದು ಆಡಿದ ಮಾತು. ಅವಳು ಇನ್ನಷ್ಟು ಕುಗ್ಗಿಹೋದಳು.

ಮನೆಗೆ ಬಂದ ಮೇಲೆ ಅಮ್ಮ ತರಕಾರಿ ಹೆಚ್ಚುತ್ತ ಕುಳಿತಿದ್ದರು. ಅವಳು ಎದುರಿಗೆ ಕುಳಿತು ಆಫೀಸಿನಲ್ಲಿ ನಡೆದದ್ದನ್ನೆಲ್ಲ ಹೇಳಿದಳು. ಬೆಕ್ಕಿನ ಬಾಲದ ಮಾತನ್ನೂ ಬಿಡಲಿಲ್ಲ. ಅಮ್ಮನ ಕೈಯಲ್ಲಿ ಚಾಕು ನಿಂತಿತು.

"ಎಲ್ಲರ ಮುಂದೆನಾ?"

"ಹೂಂ."

"ನಗಾಡಿದ್ರಾ?"

"ಇಲ್ಲಮ್ಮ. ಯಾರೂ ನಗಲಿಲ್ಲ."

"ಪುಣ್ಯ ಮಾಡಿದ್ದೆ ನೀನು" ಎಂದರು ಅಮ್ಮ. ಮತ್ತೆ ಹೆಚ್ಚತೊಡಗಿದರು.

ಅವಳು ಅಲ್ಲೇ ಕುಳಿತು ಚಿಕ್ಕಮ್ಮನಿಗೆ ಫೋನು ಹಚ್ಚಿದಳು. ಅಮ್ಮ ಹೇಳಿದ್ದೇ ನಿಜ, ತಾನೇ ತಿಳಿಯದೆ ಬಾಯಿ ಹಾಕಿದ್ದು ಎಂದು ಅಮ್ಮನಿಗೆ ಕೇಳಿಸುವಂತೆ ಹೇಳಿದಳು. ಆಮೇಲೆ ಚಿಕ್ಕಪ್ಪನಿಗೆ. ಅಂದು ನಕ್ಕವರಿಗೆಲ್ಲ. ಅಮ್ಮ ಸಾಕು ಎನ್ನಬಹುದೆಂದು ಅವಳು ಕಾದಳು, ಅಮ್ಮ ಎನ್ನಲಿಲ್ಲ.

ಮಾತ್ರೆ ಅಪ್ಪನಿಗೆ ಹಿಡಿಸಿತು. ಏಣಿಯ ಕೆಲಸ ಬಿಟ್ಟು ಮೇಜಿನ ಮೇಲೆ ಇಟ್ಟು ಬರೆಯುವಷ್ಟನ್ನೇ ಒಪ್ಪಿಕೊಳ್ಳುತ್ತಾರೆ. ಅವಳು ಈಗ ತಿಂಗಳಿಗೊಮ್ಮೆ ಆಸ್ಪತ್ರೆಗೆ ಜೊತೆಯಲ್ಲಿ ಹೋಗುತ್ತಾಳೆ. ಡಾಕ್ಟರ್ ಏನು ಕೇಳಿದರೂ ಅಪ್ಪ, ಮಗಳು ಇಬ್ಬರೂ ಅಮ್ಮನ ಮುಖ ನೋಡುತ್ತಾರೆ. ಅಮ್ಮ ಅವಸರಪಡದೆ, ಕನ್ನಡಕ ಸರಿಮಾಡಿಕೊಂಡು, ಉತ್ತರ ಹೇಳುತ್ತಾರೆ.